ಮೊಳೆಯದೇ ಹೋದ ರಾಗಿಗೆ ಮೊಳೆಯುವ ಯೋಗ್ಯತೆ ಇತ್ತೇ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕು. ಮುಂಗಾರಿಗೆಂದು ನಮ್ಮ ತಾಯಿ ಎತ್ತಿಟ್ಟಿದ್ದ ಬಿತ್ತನೆ ರಾಗಿ, ಮಳೆ ಕೈಕೊಟ್ಟಿದ್ದರಿಂದ ಹೊಲಕ್ಕೆ ಬೀಳಲೇ ಇಲ್ಲ. ಕೊನೆಗೆ ಗಿರಣಿಗೆ ಹೋಗಿ ಹಿಟ್ಟಾಯಿತು. ‘ಒಳ್ಳೆ ಮೊಳೆಯೋ ರಾಗಿ, ಸುಮ್ಮನೆ ಹೋಯ್ತು’ ಎಂದು ತಾಯಿ ಹೇಳಿದರೆ, ಬೆಂಗಳೂರಿನಲ್ಲಿ ತತ್ತ್ವಶಾಸ್ತ್ರ ಓದುತ್ತಿರುವ ನನ್ನ ಮಗ ‘ಮೊಳೀಲೇ ಇಲ್ವಲ್ಲ ಅಜ್ಜಿ, ಮೊಳೀತಿತ್ತು ಅನ್ನೋದು ಬರೀ ಮಾತು’ ಎನ್ನುತ್ತಾನೆ. ಆ ರಾಗಿ ಮೊಳೆತ ಇನ್ನೊಂದು ಲೋಕ ನಿಜವಾಗಿಯೂ ಇದೆ ಎಂದು ವಾದಿಸುವ ತತ್ತ್ವಜ್ಞಾನಿಗಳೂ ಇದ್ದಾರೆ, ವಿಜ್ಞಾನವೂ ಅದನ್ನು ಒಪ್ಪುತ್ತದೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮನೆಯಲ್ಲಿ ಎದ್ದ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಭಾರತದಲ್ಲಿ ಬೌದ್ಧರೂ ನೈಯಾಯಿಕರೂ (ನ್ಯಾಯ ಎಂಬ ದರ್ಶನದ ತಾರ್ಕಿಕರು) ಇದನ್ನು ಚರ್ಚಿಸುವಾಗ ಹಿಡಿದ ದೃಷ್ಟಾಂತವೂ ನಿಮ್ಮದೇ, ಅಂದರೆ ಬಿತ್ತದೆ ಕಣಜದಲ್ಲಿ ಉಳಿದ ಬೀಜ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಾಯಿಯವರ ಮಾತು ಅಕ್ಷರಶಃ ನಿಜವೆಂದೇ ನಾನು ತಿಳಿದಿದ್ದೇನೆ. ನಿಮ್ಮ ಮಗ ಎತ್ತಿರುವ ಆಕ್ಷೇಪ ಗಟ್ಟಿಯಾದದ್ದು; ಅದಕ್ಕೆ ಸಮಾಧಾನ ಹೇಳದೆ ತಾಯಿಯವರ ಪಕ್ಷ ನಿಲ್ಲುವುದಿಲ್ಲ. ಬೇರೊಂದು ಲೋಕದಲ್ಲಿ ಆ ರಾಗಿ ಮೊಳೆತಿದೆ ಎಂಬ ಉತ್ತರವಾದರೋ, ಮೇಲ್ನೋಟಕ್ಕೆ ತಾಯಿಯವರ ಬೆಂಬಲಕ್ಕೆ ಬಂದಂತೆ ಕಂಡರೂ, ಅವರು ಯಾವುದರ ಬಗ್ಗೆ ಮಾತನಾಡಿದರೋ ಅದನ್ನೇ ಕೈಬಿಡುತ್ತದೆ.

ಮಗನ ಮಾತನ್ನು ಅದರ ಪೂರ್ಣ ಬಲದೊಂದಿಗೆ ನೋಡಬೇಕು. ಆ ಕಾಳು ತೆನೆಯಲ್ಲಿ ಬಲಿಯಿತು, ಕಣದಲ್ಲಿ ಉದುರಿತು, ವಾಡೆಯಲ್ಲಿ ಕೂತಿತು, ಗಿರಣಿಯಲ್ಲಿ ಹಿಟ್ಟಾಯಿತು. ಒಂದು ಕ್ಷಣವನ್ನೂ ಬಿಡದೆ ಅದರ ಚರಿತ್ರೆಯನ್ನು ಬರೆದಿಟ್ಟರೂ ಅದರಲ್ಲಿ ಮೊಳೆಯುವಿಕೆ ಎಂಬ ಘಟನೆ ಎಲ್ಲಿಯೂ ಸಿಗುವುದಿಲ್ಲ. ಇರುವುದೆಲ್ಲ ಬಿಡಿ ವಸ್ತುಗಳು ಮತ್ತು ಅವುಗಳಿಗೆ ನಿಜವಾಗಿ ಒದಗಿದ ಘಟನೆಗಳು ಮಾತ್ರ ಎಂದು ಒಪ್ಪಿದವರಿಗೆ ‘ಮೊಳೆಯಬಹುದಿತ್ತು’ ಎಂಬುದು ಕಾಳಿನ ವಿಷಯವಾಗಿ ಉಳಿಯದೆ, ಕಾಳುಗಳನ್ನು ವಿಂಗಡಿಸಿ ಹೆಸರಿಡುವ ನಮ್ಮ ಅನುಕೂಲದ ವಿಷಯವಾಗುತ್ತದೆ. ಇದನ್ನು ನಾಮಮಾತ್ರವಾದ ಎನ್ನುತ್ತಾರೆ. ಇದಕ್ಕೆ ಎದುರಾದ ವಾಸ್ತವವಾದವು, ಘಟಿಸದೇ ಹೋದ ಸಾಧ್ಯತೆಯ ಕುರಿತ ಮಾತೂ ನಮ್ಮ ನಂಬಿಕೆಯನ್ನಾಗಲಿ ನುಡಿಕಟ್ಟನ್ನಾಗಲಿ ಅವಲಂಬಿಸದೆ ನಿಜವೋ ಸುಳ್ಳೋ ಆಗಿರುತ್ತದೆ ಎನ್ನುತ್ತದೆ.

ಪ್ರಾಚೀನ ಗ್ರೀಸಿನಲ್ಲಿ ಮೆಗಾರಾ ಪಂಥದವರು ಮಗನ ಪಕ್ಷವನ್ನೇ ಹಿಡಿದಿದ್ದರು: ಮನೆ ಕಟ್ಟುತ್ತಿರುವಾಗ ಮಾತ್ರ ಮೇಸ್ತ್ರಿಗೆ ಮನೆ ಕಟ್ಟುವ ಸಾಮರ್ಥ್ಯವಿದೆ, ಕೈ ನಿಂತ ಕೂಡಲೇ ಇಲ್ಲ. ಹಾಗಾದರೆ ಊಟಕ್ಕೆಂದು ಕುಳಿತ ಮೇಸ್ತ್ರಿ ವಿದ್ಯೆಯನ್ನು ಕಳೆದುಕೊಂಡು, ಎದ್ದು ಮತ್ತೆ ಕೆಲಸಕ್ಕೆ ಕೈ ಹಾಕಿದಾಗ ಅದನ್ನು ಎಲ್ಲಿಂದ ಪಡೆಯುತ್ತಾನೆ ಎಂದು ಅರಿಸ್ಟಾಟಲ್ ಕೇಳಿದ. ಅದೇ ತರ್ಕದಂತೆ, ಕಣ್ಣು ಮುಚ್ಚಿದವನು ದಿನಕ್ಕೆ ಎಷ್ಟೋ ಸಲ ಕುರುಡನಾಗಬೇಕು, ಕುಳಿತವನಿಗೆ ಏಳುವ ಸಾಧ್ಯತೆಯೇ ಇರಬಾರದು. ಈ ಆಕ್ಷೇಪವನ್ನು ತಪ್ಪಿಸಿಕೊಳ್ಳುವಂತೆ ಡಿಯೊಡೋರಸ್ ಕ್ರೋನಸ್ ಎಂಬ ತಾರ್ಕಿಕ ನಿಲುವನ್ನು ಸ್ವಲ್ಪ ಸಡಿಲಿಸಿ, ಈಗ ನಿಜವಾಗಿರುವುದು ಅಥವಾ ಮುಂದೆ ನಿಜವಾಗುವುದು ಮಾತ್ರ ಸಾಧ್ಯ ಎಂದ. ಮೇಸ್ತ್ರಿ ಉಳಿದುಕೊಂಡ, ನಿಮ್ಮ ರಾಗಿ ಉಳಿಯಲಿಲ್ಲ, ಏಕೆಂದರೆ ಅದು ಎಂದೂ ಮೊಳೆಯಲಿಲ್ಲ.

ಬೌದ್ಧರ ವಾದ ಇದಕ್ಕಿಂತ ಬಹಳ ಸೂಕ್ಷ್ಮ, ಮತ್ತು ನಾಮಮಾತ್ರವಾದಿಯ ಪಕ್ಷವನ್ನು ಇಷ್ಟು ಬಿಗಿಯಾಗಿ ಕಟ್ಟಿದ ವಾದ ಬೇರೆಡೆ ನನಗೆ ಕಂಡಿಲ್ಲ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪ್ರಕಾರ ಒಂದು ವಸ್ತು ‘ಇದೆ’ ಎನ್ನುವುದಕ್ಕೆ ಲಕ್ಷಣವೆಂದರೆ ಅದು ಒಂದು ಕಾರ್ಯವನ್ನು ಮಾಡುವುದು. ಇದಕ್ಕೆ ಅರ್ಥಕ್ರಿಯಾಕಾರಿತ್ವ ಎಂದು ಹೆಸರು. ವಿಕ್ರಮಶೀಲ ಎಂಬ ಬೌದ್ಧ ವಿಹಾರದ ಜ್ಞಾನಶ್ರೀಮಿತ್ರ ಮತ್ತು ಆತನ ಶಿಷ್ಯ ರತ್ನಕೀರ್ತಿ ಈ ಲಕ್ಷಣವನ್ನು ಹಿಡಿದು ಪ್ರತಿಯೊಂದೂ ಕ್ಷಣಿಕ ಎಂದು ಸಾಧಿಸಲು ಹೊರಟರು. ಕಣಜದಲ್ಲಿರುವ ಬೀಜಕ್ಕೆ ಮೊಳಕೆಯನ್ನು ಹುಟ್ಟಿಸುವ ಸಾಮರ್ಥ್ಯ ಇದೆಯೇ, ಇಲ್ಲವೇ? ಇದೆಯೆಂದರೆ ಅದು ಈಗಲೇ ಹುಟ್ಟಿಸಬೇಕು, ಸಮರ್ಥವಾದದ್ದು ತಡಮಾಡುವುದಕ್ಕೆ ಕಾರಣವಿಲ್ಲ. ಇಲ್ಲವೆಂದರೆ ಹೊಲದಲ್ಲಿಯೂ ಅದು ಹುಟ್ಟಿಸಲಾರದು. ನೀರು ಮತ್ತು ಮಣ್ಣು ಎಂಬ ಸಹಕಾರಿಗಳಿಗಾಗಿ ಕಾಯುತ್ತಿದೆ ಎಂದು ನೀವು ಹೇಳಿದರೆ, ಆ ಸಹಕಾರಿಗಳು ಬೀಜದಲ್ಲಿ ಏನಾದರೂ ಹೊಸದನ್ನು ಉಂಟುಮಾಡುತ್ತವೆಯೋ ಇಲ್ಲವೋ ಎಂದು ಅವರು ಮತ್ತೆ ಕೇಳುತ್ತಾರೆ. ಉಂಟುಮಾಡುವುದಿಲ್ಲವಾದರೆ ಅವು ಬಂದೂ ಪ್ರಯೋಜನವಿಲ್ಲ; ಉಂಟುಮಾಡುತ್ತವೆಯಾದರೆ ಆ ಹೊಸದೇ ಮೊಳಕೆಗೆ ಕಾರಣ, ಕಣಜದಲ್ಲಿದ್ದ ಹಳೆಯ ಬೀಜವಲ್ಲ. ಆದ್ದರಿಂದ ಹೊಲದಲ್ಲಿ, ಮೊಳಕೆಗೆ ಮುಂಚಿನ ಕ್ಷಣದಲ್ಲಿರುವ ಬೀಜವೇ ಸಮರ್ಥ. ಅದು ‘ಕುರ್ವದ್ರೂಪ’, ಅಂದರೆ ಮಾಡುತ್ತಿರುವ ರೂಪ. ಕಣಜದ ಬೀಜ ಬೇರೆಯೇ ವಸ್ತು, ನಾವು ಎರಡಕ್ಕೂ ‘ಬೀಜ’ ಎಂಬ ಒಂದೇ ಹೆಸರನ್ನು ಇಟ್ಟಿದ್ದೇವೆ ಅಷ್ಟೆ.

ಕೊನೆಯ ವಾಕ್ಯದಲ್ಲಿ ಇಡೀ ವಿವಾದದ ಬೇರು ಇದೆ. ‘ರಾಗಿತನ’, ‘ಬೀಜತ್ವ’ ಎಂಬಂಥ ಸಾಮಾನ್ಯಧರ್ಮಗಳನ್ನು ಬೌದ್ಧರು ಒಪ್ಪುವುದಿಲ್ಲ. ಧರ್ಮಕೀರ್ತಿಗಿಂತ ಹಿಂದಿನ ಬೌದ್ಧ ತಾರ್ಕಿಕ ದಿಙ್ನಾಗನಿಂದ ಬಂದ ಅವರ ಅಪೋಹವಾದದಂತೆ, ಒಂದು ಪದವು ತನ್ನದಲ್ಲದ್ದನ್ನು ಬೇರ್ಪಡಿಸುತ್ತದೆ, ಎಲ್ಲದರಲ್ಲಿಯೂ ಸಮಾನವಾಗಿ ಇರುವ ಒಂದು ಧರ್ಮವನ್ನು ಸೂಚಿಸುವುದಿಲ್ಲ. ನೈಯಾಯಿಕರಿಗೆ ಜಾತಿ ಎಂಬುದು ಹೊರಗೆ ನಿಜವಾಗಿ ಇರುವ ಪದಾರ್ಥ: ನಿತ್ಯ, ಒಂದೇ, ಅನೇಕದಲ್ಲಿ ಸೇರಿರುವಂಥದು. ಜಾತಿಯನ್ನು ಬರೀ ಹೆಸರು ಎಂದವರು ಸಾಧ್ಯತೆಯನ್ನೂ ಬರೀ ಮಾತು ಎನ್ನಬೇಕಾಗುತ್ತದೆ, ಜಾತಿಯನ್ನು ನಿಜವೆಂದವರಿಗೆ ಸಾಧ್ಯತೆಗೆ ಒಂದು ಆಶ್ರಯ ದೊರೆಯುತ್ತದೆ. ಏಕೆಂದರೆ ‘ಈ ಕಾಳು ಮೊಳೆಯಬಲ್ಲದು’ ಎಂದು ಹೇಳುವವರು ಈ ಕಾಳಿಗೆ ಆಗಿಹೋದದ್ದನ್ನು ವರದಿ ಮಾಡುತ್ತಿಲ್ಲ. ಈ ಕಾಳು ಎಂಥದು ಎಂದು ಹೇಳುತ್ತಿದ್ದಾರೆ, ಮತ್ತು ‘ಎಂಥದು’ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ಸಾಮಾನ್ಯವಾದ ಒಂದು ಧರ್ಮವೇ ಆಗಿರುತ್ತದೆ.

ನ್ಯಾಯದರ್ಶನದ ಉದಯನಾಚಾರ್ಯರು ‘ಆತ್ಮತತ್ತ್ವವಿವೇಕ’ದಲ್ಲಿ ಕ್ಷಣಿಕವಾದವನ್ನು ಖಂಡಿಸುವಾಗ ಈ ಕಣಜದ ಬೀಜವನ್ನೇ ಎತ್ತಿಕೊಳ್ಳುತ್ತಾರೆ. ನ್ಯಾಯದ ಸಮಾಧಾನದ ತಿರುಳು ಇಷ್ಟು: ‘ಸಾಮರ್ಥ್ಯ’ ಎಂಬ ಒಂದೇ ಪದದೊಳಗೆ ಬೌದ್ಧರು ಎರಡನ್ನು ಬೆರೆಸಿದ್ದಾರೆ. ಒಂದು, ಫಲವನ್ನು ಈಗ ಕೊಡುತ್ತಿರುವುದು. ಇನ್ನೊಂದು, ಫಲಕ್ಕೆ ತಕ್ಕದ್ದಾಗಿರುವುದು. ನಂತರದ ನೈಯಾಯಿಕರು ಮೊದಲನೆಯದನ್ನು ಫಲೋಪಧಾಯಕತ್ವ ಎಂದೂ ಎರಡನೆಯದನ್ನು ಸ್ವರೂಪಯೋಗ್ಯತೆ ಎಂದೂ ಕರೆದರು. ಕಾಡಿನಲ್ಲಿ ಬಿದ್ದಿರುವ ದಂಡವು ಕುಂಬಾರನ ಚಕ್ರವನ್ನು ಎಂದೂ ತಿರುಗಿಸದಿದ್ದರೂ ಅದಕ್ಕೆ ಆ ಯೋಗ್ಯತೆ ಇದೆ ಎಂಬುದು ಅವರ ಪ್ರಸಿದ್ಧ ಉದಾಹರಣೆ. ಯೋಗ್ಯತೆ ಇರುವುದು ತಡಮಾಡಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ತಡಮಾಡಬಾರದಾದದ್ದು ಸಾಮಗ್ರಿ, ಅಂದರೆ ಬೀಜ, ನೀರು, ಮಣ್ಣು, ಹದವಾದ ಬಿಸಿ ಎಲ್ಲವೂ ಕೂಡಿದ ಪೂರ್ಣ ಕಾರಣಸಮುದಾಯ. ಸಹಕಾರಿ ಬೀಜಕ್ಕೆ ಏನನ್ನು ಕೊಡುತ್ತದೆ ಎಂಬ ಇಕ್ಕಟ್ಟಿನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ: ಸಹಕಾರಿಯು ಬೀಜಕ್ಕೆ ಸಾಮರ್ಥ್ಯವನ್ನು ಕೊಡಬೇಕಾಗಿಲ್ಲ, ಬೀಜದೊಡನೆ ಸೇರಿ ಕಾರ್ಯವನ್ನು ಉಂಟುಮಾಡಬೇಕು.

ಒಂದು ಉಪವಿಷಯವನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಇದೇ ಉದಯನರು ‘ನ್ಯಾಯಕುಸುಮಾಂಜಲಿ’ಯಲ್ಲಿ ಮೀಮಾಂಸಕರ (ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ದರ್ಶನದವರು) ಶಕ್ತಿವಾದವನ್ನು ತಳ್ಳಿಹಾಕುತ್ತಾರೆ. ಚಂದ್ರಕಾಂತಮಣಿಯನ್ನು ಹತ್ತಿರವಿಟ್ಟರೆ ಬೆಂಕಿ ಸುಡುವುದಿಲ್ಲ ಎಂಬ ಅಂದಿನ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡು, ಬೆಂಕಿಯ ರೂಪ, ಬಿಸಿ ಎಲ್ಲ ಹಾಗೆಯೇ ಇದ್ದರೂ ಸುಡದಿರುವುದರಿಂದ ಕಣ್ಣಿಗೆ ಕಾಣದ ‘ಶಕ್ತಿ’ ಎಂಬ ಬೇರೊಂದು ಪದಾರ್ಥ ಅದರಲ್ಲಿದ್ದು ಈಗ ನಾಶವಾಗಿದೆ ಎಂದು ಮೀಮಾಂಸಕರು ಹೇಳುತ್ತಿದ್ದರು. ಪ್ರತಿಬಂಧಕವಿಲ್ಲದಿರುವುದೂ ಸಾಮಗ್ರಿಯ ಒಂದು ಭಾಗ, ಹೊಸ ಪದಾರ್ಥ ಬೇಡ ಎಂದು ನೈಯಾಯಿಕರ ಉತ್ತರ. ಅಂದರೆ ಸಾಧ್ಯತೆ ನಿಜವೆಂದು ಒಪ್ಪಿದ ಮಾತ್ರಕ್ಕೆ ವಸ್ತುವಿನೊಳಗೆ ಇನ್ನೊಂದು ಗುಪ್ತ ವಸ್ತುವನ್ನು ಒಪ್ಪಬೇಕಾಗಿಲ್ಲ. ಕಾಳಿನೊಳಗೆ ‘ಮೊಳೆಯುವ ಶಕ್ತಿ’ ಎಂಬ ಬೇರೊಂದು ಕಾಳನ್ನು ಹುಡುಕಬೇಡಿ ಎಂದು ನಿಮ್ಮ ಮಗ ಎಚ್ಚರಿಸುತ್ತಿದ್ದರೆ, ಆ ಮಟ್ಟಿಗೆ ಅವನು ಉದಯನರ ಜೊತೆಯಲ್ಲಿಯೇ ಇದ್ದಾನೆ.

ಈ ವಿಚಾರ ನಮ್ಮ ನಾಡಿಗೆ ಹೊರಗಿನದೇನೂ ಅಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಬರೆದ ‘ಸರ್ವದರ್ಶನಸಂಗ್ರಹ’ದ ಬೌದ್ಧದರ್ಶನದ ಅಧ್ಯಾಯದಲ್ಲಿ ಅರ್ಥಕ್ರಿಯೆ ಮತ್ತು ಸಹಕಾರಿಗಳ ಚರ್ಚೆ ಅಡಕವಾಗಿ ಬಂದಿದೆ.

ಈಗ ನಿಮ್ಮ ತಾಯಿಯವರ ಪಕ್ಷಕ್ಕೆ ನನಗೆ ಅತಿ ಬಲವಾಗಿ ತೋರುವ ಸಂಗತಿಗೆ ಬರುತ್ತೇನೆ. ಮನೆಯಲ್ಲಿ ಎರಡು ಚೀಲ ರಾಗಿ ಇವೆಯೆಂದು ಇಟ್ಟುಕೊಳ್ಳಿ. ಒಂದು ಬಿತ್ತನೆಗೆಂದು ಒಣಗಿಸಿ ಕಾಪಾಡಿದ್ದು, ಇನ್ನೊಂದು ಹುರಿಹಿಟ್ಟಿಗೆಂದು ಹುರಿದದ್ದು. ಎರಡನ್ನೂ ಒಂದೇ ದಿನ ಗಿರಣಿಗೆ ಹಾಕಿಸಿದಿರಿ. ಮೊಳೆಯದಿರುವ ವಿಷಯದಲ್ಲಿ ಎರಡರ ಚರಿತ್ರೆಯೂ ಒಂದೇ. ಎರಡೂ ಎಂದೂ ಮೊಳೆಯಲಿಲ್ಲ. ಸಾಧ್ಯವಾದದ್ದು ಎಂದರೆ ಆದದ್ದು ಅಥವಾ ಆಗುವುದು ಎಂಬ ಡಿಯೊಡೋರಸನ ಲೆಕ್ಕದಲ್ಲಿ ಎರಡು ಚೀಲಗಳಿಗೂ ವ್ಯತ್ಯಾಸವಿಲ್ಲ. ಆದರೆ ವ್ಯತ್ಯಾಸವಿದೆ ಎಂಬುದನ್ನು ರಾಗಿ ಬೆಳೆಯುವ ಯಾವ ಮನೆಯೂ ನಿರಾಕರಿಸಲಾರದು, ಮತ್ತು ಆ ವ್ಯತ್ಯಾಸ ನಾವು ಇಟ್ಟ ಹೆಸರಿನಿಂದ ಬಂದದ್ದಲ್ಲ. ಹುರಿದ ರಾಗಿಗೆ ಬಿತ್ತನೆ ರಾಗಿ ಎಂದು ಚೀಟಿ ಅಂಟಿಸಿದರೆ ಅದು ಮೊಳೆಯುವಂಥದು ಆಗುವುದಿಲ್ಲ.

ಬೌದ್ಧ ಪಕ್ಷದಲ್ಲಿ ಇದಕ್ಕೆ ಹೇಳಬಹುದಾದದ್ದು ಇದೆ: ಎರಡೂ ಬೇರೆ ಬೇರೆ ಕ್ಷಣಪರಂಪರೆಗಳು, ಹುರಿಯದ ಬೀಜದ ಪರಂಪರೆಯಲ್ಲಿ ಮುಂದೆ ಕುರ್ವದ್ರೂಪದ ಕ್ಷಣ ಬರುವಂತಿತ್ತು, ಹುರಿದುದರಲ್ಲಿ ಬರುವಂತಿರಲಿಲ್ಲ. ಆದರೆ ಇಲ್ಲಿ ‘ಬರುವಂತಿತ್ತು’ ಎಂಬುದನ್ನು ಗಮನಿಸಿ. ನಿಜವಾಗಿ ಅದು ಬರಲಿಲ್ಲ, ಗಿರಣಿಯ ಕಲ್ಲು ಬಂತು. ಹೊರಗೆ ಹಾಕಿದ್ದ ಸಾಧ್ಯತೆ ವಿವರಣೆಯೊಳಗೆ ಮತ್ತೆ ನುಸುಳಿದೆ.

ಪಶ್ಚಿಮದಲ್ಲಿ ಇದೇ ಬಿಕ್ಕಟ್ಟನ್ನು ತನ್ನ ಚಿಂತನೆಯೊಳಗೇ ಅನುಭವಿಸಿ ಪಕ್ಷ ಬದಲಿಸಿದ ಒಬ್ಬ ದಾರ್ಶನಿಕನಿದ್ದಾನೆ, ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914). 1878ರ ಒಂದು ಪ್ರಬಂಧದಲ್ಲಿ ಅವನು ಮೆತ್ತನೆಯ ಹತ್ತಿಯೊಳಗೇ ಹರಳುಗಟ್ಟಿ, ಯಾರ ಕೈಗೂ ಸಿಗದೆ, ಯಾವುದರಿಂದಲೂ ಒತ್ತಿಸಿಕೊಳ್ಳದೆ, ಅಲ್ಲಿಯೇ ಸುಟ್ಟುಹೋದ ಒಂದು ವಜ್ರವನ್ನು ಕಲ್ಪಿಸಿದ. ಅದು ಗಟ್ಟಿಯಾಗಿತ್ತೋ ಮೆತ್ತಗಿತ್ತೋ ಎಂಬುದು ವಸ್ತುಸ್ಥಿತಿಯ ಪ್ರಶ್ನೆಯಲ್ಲ, ನಮ್ಮ ಭಾಷೆಯನ್ನು ಹೇಗೆ ಅಣಿಗೊಳಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆ ಎಂದು ಆಗ ಬರೆದ. ಸುಮಾರು 27 ವರ್ಷಗಳ ಬಳಿಕ, 1905ರಲ್ಲಿ, ಅದೇ ವಜ್ರಕ್ಕೆ ಹಿಂದಿರುಗಿ ಆ ಹಳೆಯ ನಿಲುವನ್ನು ಬಿಟ್ಟುಕೊಟ್ಟ. ಗಟ್ಟಿತನವು ವಜ್ರದಲ್ಲಿ ಒಂಟಿಯಾಗಿ ಇರುವ ಗುಣವಲ್ಲ. ಅದರ ರಚನೆ, ತೂಕ, ಹೊಳಪು, ಉರಿಯುವ ಬಗೆ ಎಲ್ಲವುಗಳೊಂದಿಗೆ ನಿಯಮಬದ್ಧವಾಗಿ ಹೆಣೆದುಕೊಂಡಿದೆ. ಉಳಿದೆಲ್ಲವನ್ನೂ ನಿಜವೆಂದು ಒಪ್ಪಿ, ಒತ್ತಿದ್ದರೆ ತಡೆಯುತ್ತಿತ್ತು ಎಂಬ ಒಂದನ್ನು ಮಾತ್ರ ನಮ್ಮ ಇಷ್ಟಕ್ಕೆ ಬಿಡಲು ಬರುವುದಿಲ್ಲ. ಕೆಲವು ಸಾಧ್ಯತೆಗಳು ನಿಜ ಎಂದು ಒಪ್ಪುವುದೇ ತನ್ನ ವಾಸ್ತವವಾದದ ಸತ್ತ್ವ ಎಂಬ ನೆಲೆಗೆ ಪರ್ಸ್ ಬಂದ. ಅವನಲ್ಲಿಯೂ ಈ ಬದಲಾವಣೆ ಸಾಮಾನ್ಯಧರ್ಮಗಳು ನಿಜ ಎಂಬ ಒಪ್ಪಿಗೆಯೊಂದಿಗೆ ಕೂಡಿಯೇ ಬಂತು. ಉದಯನರ ಹೆಸರನ್ನೂ ಬಹುಶಃ ಕೇಳಿರದ ಅವನು ಆ ಎರಡನ್ನು ಜೊತೆಗೇ ಕಂಡದ್ದು ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ.

20ನೆಯ ಶತಮಾನದ ನಾಮಮಾತ್ರವಾದಿಗಳು ಸೋಲೊಪ್ಪಲಿಲ್ಲ. ತರ್ಕಶಾಸ್ತ್ರದ ಉಪಕರಣಗಳಿಂದ ‘ಬಹುದು’ ಎಂಬುದನ್ನು ಕಳಚಿಹಾಕಲು ಪ್ರಯತ್ನಿಸಿದರು. ‘ಮೊಳೆಯಬಲ್ಲದು’ ಎಂದರೆ ‘ಬಿತ್ತಿದರೆ ಮೊಳೆಯುತ್ತದೆ’ ಎಂದಷ್ಟೇ ಅರ್ಥಮಾಡಿಕೊಳ್ಳೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ತರ್ಕಶಾಸ್ತ್ರದ ಸಾಮಾನ್ಯ ‘ಹೀಗಾದರೆ ಹಾಗೆ’ ಎಂಬ ಷರತ್ತಿನ ವಾಕ್ಯಕ್ಕೆ ಒಂದು ಸ್ವಭಾವವಿದೆ: ಷರತ್ತು ಈಡೇರದೇ ಇದ್ದರೆ ಇಡೀ ವಾಕ್ಯ ತಾನಾಗಿಯೇ ನಿಜವಾಗುತ್ತದೆ. ಎಂದೂ ಬಿತ್ತದ ಹುರಿದ ರಾಗಿಯೂ, ಎಂದೂ ಬಿತ್ತದ ಬೆಣಚುಕಲ್ಲೂ ಈ ಅರ್ಥದಲ್ಲಿ ‘ಬಿತ್ತಿದರೆ ಮೊಳೆಯುವಂಥವು’ ಆಗಿಬಿಡುತ್ತವೆ. ರುಡಾಲ್ಫ್ ಕಾರ್ನಪ್ 1936ರಲ್ಲಿ ಈ ತೊಡಕನ್ನು ನಿನ್ನೆ ಉರಿದುಹೋದ ಒಂದು ಬೆಂಕಿಕಡ್ಡಿಯ ಮೂಲಕ ತೋರಿಸಿದ. ಅದನ್ನು ಎಂದೂ ನೀರಿಗೆ ಹಾಕಲಿಲ್ಲವಾದ್ದರಿಂದ ಆ ವ್ಯಾಖ್ಯೆಯಂತೆ ಅದು ನೀರಿನಲ್ಲಿ ಕರಗುವ ವಸ್ತುವಾಗಬೇಕಾಗಿತ್ತು! ಇದನ್ನು ತಪ್ಪಿಸಲು ಅವನು ಹೂಡಿದ ಉಪಾಯದಲ್ಲಿ ಪರೀಕ್ಷೆಗೆ ಒಳಪಟ್ಟ ವಸ್ತುಗಳಿಗೆ ಮಾತ್ರ ಆ ಪದ ನೇರವಾಗಿ ಅನ್ವಯಿಸುತ್ತದೆ. ಪರೀಕ್ಷಿಸದ ವಸ್ತುಗಳ ವಿಷಯ ಅನಿರ್ಧರಿತವಾಗಿಯೇ ಉಳಿಯುತ್ತದೆ.

ಪರೀಕ್ಷಿಸದ ವಸ್ತುಗಳೇ ನಮಗೆ ಮುಖ್ಯ ಎಂಬುದನ್ನು ಬೀಜದ ಚೀಲದ ಮೇಲಿನ ಚೀಟಿ ತೋರಿಸುತ್ತದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 400 ಕಾಳುಗಳನ್ನು ನೂರು ನೂರರಂತೆ ಒದ್ದೆ ಕಾಗದದ ಮೇಲೆ ಹರಡಿ ಮೊಳಕೆಯ ಪ್ರಮಾಣವನ್ನು ಎಣಿಸುತ್ತಾರೆ. ಪ್ರಮಾಣಿತ ರಾಗಿ ಬೀಜಕ್ಕೆ ಅದು ಕನಿಷ್ಠ ಶೇಕಡ 75 ಇರಬೇಕು. ಮೊಳೆತ ಕಾಳುಗಳು ಅಲ್ಲಿಗೇ ಮುಗಿದವು, ಅವನ್ನು ಯಾರೂ ಮಾರುವುದಿಲ್ಲ. ಚೀಟಿಯ ಮೇಲಿನ ಮಾತು ಎಂದೂ ನೀರು ಕಾಣದ ಉಳಿದ ಕಾಳುಗಳನ್ನು ಕುರಿತದ್ದು. ಚಿಂತಾಮಣಿಯ ಅಂಗಡಿಯಲ್ಲಿ ಜಿಪಿಯು 28 ಎಂಬ ರಾಗಿ ತಳಿಯ ಚೀಲಕ್ಕೆ ಹಣ ಕೊಡುವವರು ಆಗದೇ ಇರುವ ಸಂಗತಿಯೊಂದಕ್ಕೆ ಹಣ ಕೊಡುತ್ತಿದ್ದಾರೆ, ಮತ್ತು ಆ ಚೀಟಿ ನಿಜವೂ ಆಗಿರಬಹುದು, ಮೋಸವೂ ಆಗಿರಬಹುದು. ಬಿತ್ತುವ ಮೊದಲೇ ಇಡೀ ಚೀಲ ಪ್ರವಾಹದಲ್ಲಿ ಕೊಚ್ಚಿಹೋದರೂ ಹಾಗೆಯೇ. ಇನ್ನು ಒಂದೊಂದು ಕಾಳನ್ನು ಎತ್ತಿ ಇದು ಆ 75ರಲ್ಲಿ ಸೇರಿದ್ದೋ ಉಳಿದ 25ರಲ್ಲಿ ಸೇರಿದ್ದೋ ಎಂದು ಕೇಳಿದರೆ, ಹಿಟ್ಟಾದ ಮೇಲೆ ಅದು ಯಾರಿಗೂ ತಿಳಿಯುವಂತಿಲ್ಲ. ತಿಳಿಯದಿರುವುದು ಬೇರೆ, ಇಲ್ಲದಿರುವುದು ಬೇರೆ. ನಾಮಮಾತ್ರವಾದಿ ಹಲವು ಸಲ ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತಾನೆ ಎಂಬುದು ನನ್ನ ದೂರು.

ನೆಲ್ಸನ್ ಗುಡ್‌ಮನ್ 1950ರ ದಶಕದಲ್ಲಿ ಕೊಟ್ಟ ಉತ್ತರ ಹೆಚ್ಚು ಜಾಣ್ಮೆಯದು. ಸಾಧ್ಯತೆಯ ಮಾತೆಲ್ಲ ಕೊನೆಗೆ ವಾಸ್ತವ ವಸ್ತುಗಳ ಕುರಿತ ಮಾತೇ, ಸಾಧ್ಯಲೋಕಗಳೆಲ್ಲ ಈ ವಾಸ್ತವ ಲೋಕದೊಳಗೇ ಇವೆ ಎಂದು ಅವನ ವಾದ. ಈ ಕಾಳಿಗೆ ಮೊಳೆತ ಕಾಳುಗಳೊಂದಿಗೆ ಒಳರಚನೆಯ ಹೋಲಿಕೆಯಿದೆ, ಆದ್ದರಿಂದ ಅವುಗಳಿಗೆ ಸಲ್ಲುವ ಹೆಸರನ್ನು ಇದಕ್ಕೂ ಚಾಚುತ್ತೇವೆ. ಭ್ರೂಣ ಜೀವಂತವಾಗಿದೆ, ಆಹಾರದ ಸಂಗ್ರಹವಿದೆ, ತೇವ ತಗುಲಿದಾಗ ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ತಯಾರಿಸುವ ವ್ಯವಸ್ಥೆ ಕೆಟ್ಟಿಲ್ಲ. ಹುರಿದುದರಲ್ಲಿ ಇವೆಲ್ಲ ಸತ್ತಿವೆ. ಇದಕ್ಕಿಂತ ಹೆಚ್ಚಿನದೇನನ್ನು ನೀವು ‘ಯೋಗ್ಯತೆ’ ಎನ್ನುತ್ತೀರಿ?

ಒಳರಚನೆಯೇ ಆಧಾರ ಎಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ರಚನೆಯಿಂದ ಮೊಳಕೆಗೆ ದಾರಿ ಯಾವುದು? ಇಂಥ ರಚನೆಯುಳ್ಳದ್ದು ತೇವ ಸಿಕ್ಕರೆ ಮೊಳೆಯುತ್ತದೆ ಎಂಬ ನಿಯಮ. ಆ ನಿಯಮ ಎಂದರೆ ಇದುವರೆಗೆ ಮೊಳೆತ ಕಾಳುಗಳ ಒಟ್ಟು ಲೆಕ್ಕವೇ ಆಗಿದ್ದರೆ, ನಿಮ್ಮ ತಾಯಿಯವರ ರಾಗಿ ಮೊಳೆಯಬಲ್ಲದಾಗಿತ್ತು ಎಂಬುದನ್ನು ನಿಜ ಮಾಡುತ್ತಿರುವುದು ಪಕ್ಕದೂರಿನವರ ಹೊಲದಲ್ಲಿ ಬೇರೆ ಕಾಳುಗಳಿಗೆ ಆದದ್ದು ಎಂದಾಗುತ್ತದೆ. ಇದು ವಿಚಿತ್ರ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳನ್ನು ಹಳೆಯ ರೈತರು ಬಲ್ಲರು. ಅಂಥ ಒಂದು ಹೊಸ ಸಂಕರದ ಮೊದಲ ಹಿಡಿ ಕಾಳು, ಮೊಳಕೆಯ ಪರೀಕ್ಷೆಗೂ ಮೊದಲೇ ಸುಟ್ಟುಹೋಯಿತೆಂದು ಭಾವಿಸಿ. ಆ ಜೋಡಣೆಯ ಕಾಳು ಜಗತ್ತಿನಲ್ಲಿ ಎಂದೂ ಮೊಳೆತಿಲ್ಲ, ಮುಂದೆಯೂ ಮೊಳೆಯುವುದಿಲ್ಲ. ಕೆಲವು ಸಂಕರಗಳು ಕಾಳುಗಟ್ಟಿದರೂ ಮೊಳೆಯುವುದಿಲ್ಲವಾದ್ದರಿಂದ, ಹೋಲಿಕೆಯಿಂದ ಹೆಸರು ಚಾಚುವವರು ಇಲ್ಲಿ ಎರಡು ಕಡೆಗೂ ಚಾಚಬಹುದು. ಆದರೂ ಆ ಕಾಳು ಮೊಳೆಯುವಂಥದಾಗಿತ್ತೋ ಇಲ್ಲವೋ ಎಂಬುದಕ್ಕೆ ಒಂದು ಉತ್ತರವಿತ್ತು, ತಳಿವಿಜ್ಞಾನಿ ಹುಡುಕುತ್ತಿದ್ದದ್ದು ಆ ಉತ್ತರವನ್ನೇ. ನಿಯಮವೆಂಬುದು ಆದವುಗಳ ಲೆಕ್ಕಕ್ಕಿಂತ ಹೆಚ್ಚಿನದು, ‘ಆಗಿದ್ದರೆ ಆಗುತ್ತಿತ್ತು’ ಎಂಬುದನ್ನು ತನ್ನೊಳಗೆ ಹೊತ್ತದ್ದು ಎಂದು ಒಪ್ಪಿದರೆ, ಸಾಧ್ಯತೆ ಹೋಗಲಿಲ್ಲ. ಕಾಳಿನಿಂದ ನಿಯಮಕ್ಕೆ ಮನೆ ಬದಲಿಸಿತು.

ಇನ್ನು ವಿಡಿಯೊದ ಲೋಕಗಳು. ‘ಸಾಧ್ಯಲೋಕ’ ಎಂಬ ಕಲ್ಪನೆ ಜರ್ಮನಿಯ ದಾರ್ಶನಿಕ ಲೈಬ್ನಿಟ್ಸ್‌ನದು (1646–1716). ಅವನಲ್ಲಿ ಅವು ಈಶ್ವರನ ಬುದ್ಧಿಯಲ್ಲಿರುವ ಕಲ್ಪನೆಗಳು, ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಮಾತ್ರ ಈಶ್ವರ ಸೃಷ್ಟಿಸಿದ. ಅಮೆರಿಕದ ಡೇವಿಡ್ ಲೂಯಿಸ್ (1941–2001) 1986ರ ಗ್ರಂಥದಲ್ಲಿ ಪೂರ್ಣವಾಗಿ ಮಂಡಿಸಿದ ಸಿದ್ಧಾಂತ ಇದಕ್ಕಿಂತ ಬಹಳ ದೂರ ಹೋಗುತ್ತದೆ: ಒಂದು ವಸ್ತುಸ್ಥಿತಿ ಇರಬಹುದಾದ ಪ್ರತಿಯೊಂದು ರೀತಿಗೂ ಒಂದು ಲೋಕವಿದೆ, ಅದು ನಮ್ಮ ಲೋಕದಷ್ಟೇ ಮಣ್ಣು ಕಲ್ಲುಗಳ ಲೋಕ, ನಮಗೂ ಅದಕ್ಕೂ ದೇಶಕಾಲಗಳ ಸಂಬಂಧವಾಗಲಿ ಕಾರ್ಯಕಾರಣ ಸಂಬಂಧವಾಗಲಿ ಇಲ್ಲ, ಮತ್ತು ‘ಇಲ್ಲಿ’ ಎಂಬುದು ಮಾತನಾಡುವವನ ಸ್ಥಳವನ್ನು ಸೂಚಿಸುವಂತೆ ‘ವಾಸ್ತವ’ ಎಂಬುದು ಮಾತನಾಡುವವನ ಲೋಕವನ್ನು ಸೂಚಿಸುತ್ತದೆ. ಇದನ್ನು ಭೌತವಿಜ್ಞಾನದ ಬಹುಲೋಕ ವ್ಯಾಖ್ಯಾನದೊಂದಿಗೆ ಬೆರೆಸಬಾರದು. ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಮುಂದಿಟ್ಟ ಆ ವಿಚಾರದಲ್ಲಿ ಒಂದೇ ಜಗತ್ತು ಹಲವು ಕವಲುಗಳಾಗಿ ಒಡೆಯುತ್ತದೆ; ಆ ಕವಲುಗಳಿಗೆಲ್ಲ ಒಂದೇ ಭೌತನಿಯಮ ಮತ್ತು ಒಂದೇ ಮೂಲವಿದೆ, ಲೂಯಿಸ್‌ನ ಲೋಕಗಳಲ್ಲಿ ನಿಯಮಗಳೇ ಬೇರೆ ಬೇರೆ. ವಿಜ್ಞಾನ ಲೂಯಿಸ್‌ನನ್ನು ಸಮರ್ಥಿಸಿದೆ ಎಂಬ ಮಾತಿಗೆ ಆಧಾರವಿಲ್ಲ.

ಲೂಯಿಸ್‌ನ ತರ್ಕಶಕ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಅವನ ಉತ್ತರ ನಿಮ್ಮ ತಾಯಿಯವರ ಮಾತಿಗೆ ಉತ್ತರವಲ್ಲ. ಅವನ ಲೆಕ್ಕದಲ್ಲಿ ಆ ಬೇರೆ ಲೋಕದಲ್ಲಿ ಮೊಳೆತದ್ದು ನಿಮ್ಮ ರಾಗಿಯಲ್ಲ, ನಿಮ್ಮ ರಾಗಿಯನ್ನು ಹೋಲುವ ಇನ್ನೊಂದು ರಾಗಿ. ಅದಕ್ಕೆ ಅವನು ಆ ಗ್ರಂಥಕ್ಕೂ ಬಹಳ ಮೊದಲೇ ಪ್ರತಿರೂಪ ಎಂದು ಹೆಸರಿಟ್ಟಿದ್ದ. ಅಮೆರಿಕದ ತರ್ಕಶಾಸ್ತ್ರಜ್ಞ ಸಾಲ್ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ಇದಕ್ಕೆ ಎತ್ತಿದ ಆಕ್ಷೇಪ ಪ್ರಸಿದ್ಧವಾಗಿದೆ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತ ಹಂಫ್ರಿ ‘ನಾನು ಗೆಲ್ಲಬಹುದಿತ್ತು’ ಎಂದುಕೊಳ್ಳುವಾಗ ತನ್ನ ಬಗ್ಗೆ ಯೋಚಿಸುತ್ತಾನೆ, ಎಷ್ಟೇ ತನ್ನಂತಿದ್ದರೂ ಇನ್ನೊಬ್ಬ ಯಾರೋ ಗೆದ್ದದ್ದರ ಬಗ್ಗೆ ಅವನಿಗೇನೂ ಆಗಬೇಕಾಗಿಲ್ಲ. ನನ್ನ ಅಸಮಾಧಾನ ಇನ್ನೂ ಒಂದು ಹೆಜ್ಜೆ ಮುಂದಿನದು. ಲೂಯಿಸ್‌ನ ಜಗತ್ತಿನಲ್ಲಿ ‘ಬಹುದು’ ಎಂಬುದು ಎಲ್ಲಿಯೂ ಉಳಿಯುವುದಿಲ್ಲ. ಲೆಕ್ಕವಿಲ್ಲದಷ್ಟು ‘ಇದೆ’ಗಳು ಮಾತ್ರ ಇವೆ. ಆ ಅರ್ಥದಲ್ಲಿ ಅವನು ನಾಮಮಾತ್ರವಾದಿಯ ನೆರೆಯವನು: ಒಬ್ಬ ಈ ಕಾಳಿನ ಸಾಧ್ಯತೆಯನ್ನು ಪಕ್ಕದ ಹೊಲದ ಕಾಳುಗಳಲ್ಲಿ ಇಡುತ್ತಾನೆ, ಇನ್ನೊಬ್ಬ ಪಕ್ಕದ ಲೋಕದ ಕಾಳುಗಳಲ್ಲಿ ಇಡುತ್ತಾನೆ, ಈ ಕಾಳಿನಲ್ಲಿ ಯಾರೂ ಇಡುವುದಿಲ್ಲ. ಆಲ್ವಿನ್ ಪ್ಲಾಂಟಿಂಗಾ 1987ರಲ್ಲಿಯೇ ಲೂಯಿಸ್‌ನದು ಸಾಧ್ಯತೆಯ ವಾಸ್ತವವಾದವೇ ಅಲ್ಲ, ಸಾಧ್ಯತೆಯನ್ನು ಬೇರೆಯದಕ್ಕೆ ಇಳಿಸುವ ವಾದ ಎಂದು ತೋರಿಸಿದ್ದ. ಅದು ಸರಿಯಾದ ಗ್ರಹಿಕೆ.

ಬೀಜದಲ್ಲಿಯೇ ಸಾಧ್ಯತೆಯನ್ನು ಇಡುವ ನನ್ನ ಪಕ್ಷ ಎಲ್ಲವನ್ನೂ ವಿವರಿಸುತ್ತದೆ ಎಂದು ಹೇಳಲಾರೆ. ಜಗತ್ತಿನಲ್ಲಿ ರಾಗಿಯೇ ಇಲ್ಲದಿರಬಹುದಿತ್ತು, ಪ್ರಕೃತಿಯ ನಿಯಮಗಳೇ ಬೇರೆಯಾಗಿರಬಹುದಿತ್ತು ಎಂಬಂಥ ಮಾತುಗಳಿಗೆ ಆಶ್ರಯವಾಗಬಲ್ಲ ಕಾಳು ಯಾವುದೂ ಇಲ್ಲ. ಅಲ್ಲಿ ‘ಸಾಧ್ಯ’ ಎಂದರೆ ಹೇಳಿದ್ದರಲ್ಲಿ ವಿರೋಧವಿಲ್ಲ ಎಂದಷ್ಟೇ ಆಗಿರಬಹುದು. ಬಂಜೆಯ ಮಗ ಎಂಬುದರಲ್ಲಿ ಮಾತೇ ತನ್ನನ್ನು ತಾನು ಅಳಿಸಿಕೊಳ್ಳುತ್ತದೆ. ಮೊಲದ ಕೊಂಬಿನಲ್ಲಿ ಹಾಗಾಗುವುದಿಲ್ಲ, ಅದು ಇಲ್ಲ ಅಷ್ಟೆ. ಮೊಲದ ಕೊಂಬು ಈ ತೆಳುವಾದ ಅರ್ಥದಲ್ಲಿ ಸಾಧ್ಯ ಎನ್ನುವುದಕ್ಕೆ ಮೊಲದಲ್ಲಿ ಯಾವ ಯೋಗ್ಯತೆಯೂ ಬೇಕಾಗಿಲ್ಲ, ಇಂಥ ಕಡೆ ನಾಮಮಾತ್ರವಾದಿಯ ವಿವರಣೆ ಸಾಕೆಂದು ನನಗೆ ಅನ್ನಿಸುತ್ತದೆ. 1948ರಲ್ಲಿ ಅಮೆರಿಕದ ದಾರ್ಶನಿಕ ಕ್ವೈನ್ ಒಂದು ಖಾಲಿ ಬಾಗಿಲನ್ನು ತೋರಿಸಿ, ಅದರಲ್ಲಿ ನಿಂತಿರಬಹುದಾದ ದಪ್ಪನೆಯ ವ್ಯಕ್ತಿಗಳು ಎಷ್ಟು ಮಂದಿ, ಅವರಲ್ಲಿ ಇಬ್ಬರು ಒಬ್ಬರೇ ಆಗಿರಬಹುದೇ ಎಂದು ಕೇಳಿದಾಗ ಅವನ ಕೈ ಮೇಲಾದದ್ದು ಇದಕ್ಕೇ. ಆ ಸಾಧ್ಯತೆಗಳನ್ನು ಹೊತ್ತ ವಸ್ತು ಯಾವುದೂ ಅಲ್ಲಿರಲಿಲ್ಲ. ನಿಮ್ಮ ವಾಡೆಯಲ್ಲಿ ರಾಗಿ ಇತ್ತು.

ಒಂದು ಪ್ರಶ್ನೆ ಉಳಿಯುತ್ತದೆ, ನಿಮ್ಮ ಮಗ ಇದನ್ನು ಕೇಳಿಯೇ ಕೇಳುತ್ತಾನೆ. ಮಳೆ ಬರಲಿಲ್ಲ, ಆ ವರ್ಷದ ಗಾಳಿ, ಮೋಡ, ಸಮುದ್ರದ ಬಿಸಿ ಹೇಗಿದ್ದವೋ ಹಾಗಿದ್ದಮೇಲೆ ಮಳೆ ಬರುವಂತೆಯೇ ಇರಲಿಲ್ಲ ಎಂದಾದರೆ, ರಾಗಿ ಮೊಳೆಯುವಂತಿತ್ತು ಎಂದು ಹೇಗೆ ಹೇಳುವುದು? ಇಲ್ಲಿ ನ್ಯಾಯದ ಭೇದ ಮತ್ತೆ ಕೆಲಸಕ್ಕೆ ಬರುತ್ತದೆ. ಸಾಮಗ್ರಿ ಕೂಡಿಬರುವುದು ಸಾಧ್ಯವಿತ್ತೇ ಎಂಬುದು ಇಡೀ ಜಗತ್ತಿನ ಹಿಂದಿನ ಸ್ಥಿತಿಯನ್ನು ಕುರಿತ ಪ್ರಶ್ನೆ, ಎಲ್ಲವೂ ಹಿಂದಿನದರಿಂದ ಪೂರ್ತಿಯಾಗಿ ನಿರ್ಧಾರವಾಗಿದೆಯೇ ಎಂಬ ವಿವಾದ ತೀರುವವರೆಗೆ ಅದೂ ತೀರುವುದಿಲ್ಲ. ಬೀಜಕ್ಕೆ ಯೋಗ್ಯತೆ ಇತ್ತೇ ಎಂಬುದು ಬೀಜವನ್ನು ಮಾತ್ರ ಕುರಿತದ್ದು. ಮಳೆ ಬಾರದಿರುವುದು ಸಾವಿರ ವರ್ಷಗಳ ಹಿಂದೆಯೇ ನಿಶ್ಚಯವಾಗಿದ್ದರೂ, ವಾಡೆಯ ರಾಗಿಗೂ ಹುರಿದ ರಾಗಿಗೂ ನಡುವಿನ ವ್ಯತ್ಯಾಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ನಿಮ್ಮ ತಾಯಿಯವರು ‘ಒಳ್ಳೆ ಮೊಳೆಯೋ ರಾಗಿ’ ಎಂದರೇ ಹೊರತು ‘ಈ ವರ್ಷ ಮೊಳೆಯುವುದಿತ್ತು’ ಎನ್ನಲಿಲ್ಲ. ಅವರ ಮಾತು ನಿಜವಾಗಲು ಮೊದಲನೆಯ ಪ್ರಶ್ನೆಯ ಉತ್ತರ ಬೇಕಾಗಿಲ್ಲ, ಎರಡನೆಯದು ಸಾಕು.